ಅಜ್ಜಿಯ ಆ ಸಂಜೆ ಎಲ್ಲಿತ್ತು?

ನಿಲಕ್ಕೋಟ್ಟೈಯ ಹೂಮಂಡಿಯಲ್ಲಿ ಅರಳಿದ ಮಲ್ಲಿಗೆಗೆ ಮರ್ಯಾದೆ ಕಡಿಮೆ. ಅಲ್ಲಿ ಬೇಕಾದದ್ದು ಬಿಗಿಯಾಗಿ ಮುಚ್ಚಿದ ಮೊಗ್ಗು. ಬೆಳಕು ಹರಿಯುವ ಮೊದಲೇ ತೋಟಕ್ಕಿಳಿದು, ಆ ಸಂಜೆ ಅರಳಬೇಕಾದ ಮೊಗ್ಗು ಯಾವುದು, ನಾಳೆಯದು ಯಾವುದು ಎಂದು ಕಣ್ಣಂದಾಜಿನಲ್ಲೇ ಆರಿಸಿ ಬಿಡಿಸಿ, ಬಿಸಿಲೇರುವಷ್ಟರಲ್ಲಿ ಮಂಡಿಗೆ ತಂದು ಸುರಿಯಬೇಕು. ತಕ್ಕಡಿಗೆ ಬೀಳುವಾಗ ಅದಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಕೊಂಡವರ ಮುಡಿಯಲ್ಲೋ ದೇವರ ಪಟದ ಮೇಲೋ ದೀಪ ಹಚ್ಚುವ ಹೊತ್ತಿಗೆ ಅದು ಬಾಯಿಬಿಡುತ್ತದೆ. ಪರಿಮಳ ಹೊರಡುವುದು ಆಗ. ಮುಹೂರ್ತದ ದಿನಗಳಲ್ಲಿ, ಪೊಂಗಲ್ ಹತ್ತಿರವಾದಾಗ ಬೆಲೆ ಕೈಗೆ ಸಿಗುವುದಿಲ್ಲ. ಬೆಲೆ ಬಿದ್ದ ದಿನ ಅದೇ ಹೂವು ಸೆಂಟು ಕಾರ್ಖಾನೆಯ ದಾರಿ ಹಿಡಿಯುತ್ತದೆ.

ದಿಂಡಿಗಲ್ ಜಿಲ್ಲೆಯ ಈ ಪಟ್ಟಣದ ಸುತ್ತಿನ ಸೀಮೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆರಗಾಗಬೇಕಿಲ್ಲ. ಪಶ್ಚಿಮಕ್ಕೆ ತೇನಿ, ಬೋಡಿನಾಯಕನೂರು, ಕಂಬಂ ಕಣಿವೆಯತ್ತ ಸಾಗಿದರೆ ಕನ್ನಡ ಮನೆಮಾತಿನ ಒಕ್ಕಲಿಗರಿದ್ದಾರೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಇವರು ಕಪ್ಪಿಲಿಯರು. ನೇಕಾರರ ಊರುಗಳಲ್ಲಿ ದೇವಾಂಗರಿದ್ದಾರೆ. ಶಾಲೆ, ಸಂತೆ, ಸರ್ಕಾರಿ ಕಚೇರಿ ಎಲ್ಲ ತಮಿಳು. ಒಲೆಯ ಮುಂದೆ ಮಾತ್ರ ಕನ್ನಡ, ಅದೂ ಅಕ್ಷರಕ್ಕೆ ಇಳಿಯುವ ರೂಢಿಯಿಲ್ಲದ, ಬಾಯಿಂದ ಬಾಯಿಗೆ ಬಂದ ಕನ್ನಡ.

ಅಂಥ ಮನೆಯೊಂದರ ಅಜ್ಜಿಯನ್ನು ಈ ಅಧ್ಯಾಯದ ಮಟ್ಟಿಗೆ ಕಲ್ಪಿಸಿಕೊಳ್ಳೋಣ. ವಯಸ್ಸು ಎಪ್ಪತ್ತು ದಾಟಿದೆ. ಮಂಡಿಯಿಂದ ತಂದ ಮೊಗ್ಗನ್ನು ಜಗಲಿಯ ಮೇಲೆ ಹರಡಿಕೊಂಡು ಬಾಳೆನಾರಿನಲ್ಲಿ ಕಟ್ಟುತ್ತ ಕೂತಿದ್ದಾರೆ. ನಾಲ್ಕಾರು ಮೊಗ್ಗು ಅವಸರಕ್ಕೆ ಬಿದ್ದು ಅರಳಿವೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಅವರ ಏಳನೆಯ ವಯಸ್ಸಿನ ಒಂದು ಸಂಜೆ ಎದುರಿಗೆ ಬಂದು ನಿಲ್ಲುತ್ತದೆ. ಚಿಕ್ಕಮ್ಮನ ಮದುವೆಯ ಚಪ್ಪರ, ನೀರು ಚಿಮುಕಿಸಿದ ನೆಲ, ಹೂಬುಟ್ಟಿಗೆ ಕೈಹಾಕಿದ್ದಕ್ಕೆ ಸೋದರಮಾವ ಗದರಿದ್ದು, ಆ ಗದರಿಕೆಯ ಕನ್ನಡ, ಹೊಟ್ಟೆಯೊಳಗೆ ಆಗ ಎದ್ದ ಹೆದರಿಕೆ. ಅರವತ್ತೈದು ವರ್ಷಗಳಿಂದ ಈ ಸಂಜೆ ಎಲ್ಲಿತ್ತು?

ಇಡಿಯಾಗಿ ಎಲ್ಲಿಯೂ ಇರಲಿಲ್ಲ. ಕಳೆದ ಎಪ್ಪತ್ತು ವರ್ಷಗಳ ಮಿದುಳು ವಿಜ್ಞಾನ ಕೊಡುವ ಉತ್ತರ ಇದು. ಚಪ್ಪರದ ನೋಟ ಒಂದು ಕಡೆ, ಗದರಿಕೆಯ ದನಿ ಇನ್ನೊಂದು ಕಡೆ, ಹೆದರಿಕೆ ಮತ್ತೊಂದು ಕಡೆ, ಹೂ ಕಟ್ಟುವ ಬೆರಳಿನ ಚಳಕ ಬೇರೆಯೇ ಕಡೆ ಇತ್ತು. ಇವನ್ನೆಲ್ಲ ಮತ್ತೆ ಒಂದೆಡೆ ಕರೆದು ತರುವ ಕೆಲಸಕ್ಕೆ ನಾವು ನೆನಪು ಎನ್ನುತ್ತೇವೆ. ಆ ಕೆಲಸ ಪ್ರತಿ ಸಲವೂ ಹೊಸದಾಗಿ ನಡೆಯಬೇಕು.

ಮೊದಲು ವಾಸನೆ ಹಿಡಿದ ದಾರಿ ನೋಡೋಣ. ಮಲ್ಲಿಗೆಯ ಪರಿಮಳ ಒಂದು ವಸ್ತುವಲ್ಲ. ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್ ಮುಂತಾದ ಹಲವು ಆವಿಗಳ ಮಿಶ್ರಣ ಅದು. ಇವುಗಳಲ್ಲಿ ಇಂಡೋಲ್ ಮಲದಲ್ಲೂ ಇರುವ ವಸ್ತು. ಚೂರು ಇದ್ದರೆ ಹೂವಿಗೆ ಮತ್ತು ತರುತ್ತದೆ, ಹೆಚ್ಚಾದರೆ ಮೂಗು ಮುಚ್ಚಿಸುತ್ತದೆ. ಮನುಷ್ಯರ ಮೂಗಿನ ಮೇಲ್ಭಾಗದಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಇವುಗಳ ಹಿಂದಿನ ದೊಡ್ಡ ಜೀನ್ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ನೊಬೆಲ್ ಪಡೆದರು. ಒಂದೊಂದು ಆವಿಯೂ ಬೇರೆ ಬೇರೆ ಗ್ರಾಹಕಗಳ ಗುಂಪನ್ನು ಎಚ್ಚರಿಸುತ್ತದೆ. ಈ ಗುಂಪುಗಳನ್ನೆಲ್ಲ ಕೂಡಿಸಿ 'ಇದು ಮಲ್ಲಿಗೆ' ಎಂದು ತೀರ್ಮಾನ ಕೊಡುವುದು ಮೂಗಿನ ಹಿಂದೆ, ಮಿದುಳಿನ ತಳದಲ್ಲಿರುವ ಪಿರಿಫಾರ್ಮ್ ಎಂಬ ತೊಗಟೆ, ಅಂದರೆ ಮಿದುಳಿನ ಹೊರಪದರದ ಒಂದು ಭಾಗ.

ಕಣ್ಣು, ಕಿವಿ, ಚರ್ಮಗಳ ಸುದ್ದಿಯೆಲ್ಲ ಮಿದುಳಿನ ನಡುವಿನ ಥಲಾಮಸ್ ಎಂಬ ಠಾಣೆಯನ್ನು ಹಾದೇ ತೊಗಟೆ ಸೇರಬೇಕು. ವಾಸನೆಗೆ ಈ ಕಟ್ಟುಪಾಡಿಲ್ಲ. ಅದರ ನರತಂತುಗಳು ನೇರವಾಗಿ ಪಿರಿಫಾರ್ಮ್‌ಗೆ, ಭಾವನೆಯ ಕೆಲಸ ನೋಡಿಕೊಳ್ಳುವ ಅಮಿಗ್ಡಲಾಕ್ಕೆ, ನೆನಪಿನ ಹೆಬ್ಬಾಗಿಲಾದ ಎಂಟೋರೈನಲ್ ತೊಗಟೆಗೆ ಹೋಗುತ್ತವೆ. ಹೆಸರು ನಾಲಿಗೆಗೆ ಬರುವ ಮೊದಲೇ ಎದೆ ಝಲ್ಲೆನ್ನುವುದು ಈ ದಾರಿಯಿಂದ. 2006ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ 65ರಿಂದ 80 ವರ್ಷದ ಹಿರಿಯರಿಗೆ ಪದ, ಚಿತ್ರ, ವಾಸನೆಗಳನ್ನು ಕೊಟ್ಟು ಏನು ನೆನಪಾಗುತ್ತದೆಂದು ಕೇಳಿದರು. ಪದ ಮತ್ತು ಚಿತ್ರಗಳು ಹೆಚ್ಚಾಗಿ ಹರೆಯದ ನೆನಪುಗಳನ್ನು ಎಬ್ಬಿಸಿದರೆ, ವಾಸನೆ ಹತ್ತು ವರ್ಷ ತುಂಬುವ ಮೊದಲಿನ ನೆನಪುಗಳನ್ನು ತಂದಿತು. ನಮ್ಮ ಅಜ್ಜಿಗೆ ಏಳನೆಯ ವಯಸ್ಸೇ ನೆನಪಾಗಲಿ ಎಂದು ಸುಮ್ಮನೆ ಬರೆದದ್ದಲ್ಲ. ಆದರೆ ವಾಸನೆ ತಂದ ನೆನಪು ಹೆಚ್ಚು ನಿಖರ ಎಂದು ಯಾರೂ ತೋರಿಸಿಲ್ಲ. ಅದರಲ್ಲಿ ಭಾವ ಹೆಚ್ಚು, ಅಷ್ಟೆ.

ಇನ್ನು ಹೆಬ್ಬಾಗಿಲ ಒಳಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಶುರುವಾದ ಮಿದುಳು ಬ್ಯಾಂಕಿದೆ. ಅದಕ್ಕೆ ಸೇರಿದ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮನುಷ್ಯ ಮಿದುಳನ್ನು ಕೈಗವಸು ತೊಟ್ಟು ಮುಟ್ಟಿ ನೋಡಬಹುದು. ಶಾಲಾ ಮಕ್ಕಳು ಮೊದಲು ಹಿಂಜರಿದು, ಆಮೇಲೆ ಸಾಲಿನಲ್ಲಿ ನೂಕಾಡುವ ಜಾಗ ಅದು. ಸುಮಾರು 1.3 ಕಿಲೋ ತೂಕ. ಫಾರ್ಮಲಿನ್‌ನಲ್ಲಿಟ್ಟ ಮಿದುಳು ಬೂದಿ ಬೆರೆತ ಕೆನೆಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಕಿವಿಯಿಂದ ಕಿವಿಗೆ ಅಡ್ಡಲಾಗಿ ಕೊಯ್ದ ಬಿಲ್ಲೆಯೊಂದನ್ನು ನೋಡಿದರೆ, ಎರಡೂ ಪಕ್ಕದ ಕಣತಲೆ ಭಾಗದ ಒಳಮಗ್ಗುಲಲ್ಲಿ ತೊಗಟೆ ತನ್ನೊಳಗೆ ತಾನೇ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಬೂದು ಪದರ, ಅದಕ್ಕೆ ಕಚ್ಚಿಕೊಂಡ ಇನ್ನೊಂದು ಬೂದು ಪದರ, ನಡುವೆ ಬಿಳಿ ಗೆರೆ. ಅದೇ ಹಿಪ್ಪೊಕ್ಯಾಂಪಸ್. ಉದ್ದ ನಾಲ್ಕೈದು ಸೆಂಟಿಮೀಟರ್, ದಪ್ಪ ಕಿರುಬೆರಳಿಗಿಂತ ಕಡಿಮೆ. ಅದರ ಮೂತಿಗೆ ತಾಗಿಕೊಂಡಂತೆ ಬಾದಾಮಿಯಷ್ಟಿರುವ ಅಮಿಗ್ಡಲಾ. ಇಷ್ಟು ಸಣ್ಣ ಭಾಗದ ಮೇಲೆ ಇಷ್ಟೊಂದು ಹೊಣೆ ಇದೆಯೆಂದು 1953ರವರೆಗೆ ಹೆಚ್ಚಿನವರು ಎಣಿಸಿರಲಿಲ್ಲ.

ಆ ವರ್ಷ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು 27 ವರ್ಷದ ಹೆನ್ರಿ ಮೊಲೈಸನ್ ಅವರ ಮೂರ್ಛೆರೋಗ ನಿಲ್ಲಿಸಲು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನೂ ಅಕ್ಕಪಕ್ಕದ ತೊಗಟೆಯನ್ನೂ ತೆಗೆದುಹಾಕಿದರು. ಮೂರ್ಛೆ ಹಿಡಿತಕ್ಕೆ ಬಂತು. ಆದರೆ ಹೊಸದಾಗಿ ನಡೆದ ಯಾವುದೂ ಅವರ ತಲೆಯಲ್ಲಿ ನಿಲ್ಲದಾಯಿತು. ವೈದ್ಯರು ಕೋಣೆಯಿಂದ ಹೊರಗೆ ಹೋಗಿ ಮರಳಿದರೆ ಹೊಸಬರೇ. ಊಟ ಮಾಡಿದ್ದು ನೆನಪಿಲ್ಲ. ಬಾಲ್ಯದ ಸಂಗತಿಗಳು ಮಾತ್ರ ಉಳಿದಿದ್ದವು. ಮಾತು, ಬುದ್ಧಿ, ಸೌಜನ್ಯ ಯಾವುದಕ್ಕೂ ಊನವಿರಲಿಲ್ಲ. ಮೊಲೈಸನ್ ಅವರನ್ನು ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಪರೀಕ್ಷಿಸಿದರು. ಕನ್ನಡಿಯಲ್ಲಿ ಮಾತ್ರ ಕಾಣುವ ತನ್ನ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಎಳೆಯುವ ಆಟ ಕೊಟ್ಟರು. ಕಷ್ಟದ ಕೆಲಸ; ಕೈ ಎಡಕ್ಕೆಂದರೆ ಬಲಕ್ಕೆ ಹೋಗುತ್ತದೆ. ಮೊಲೈಸನ್ ದಿನದಿಂದ ದಿನಕ್ಕೆ ಪಳಗಿದರು. ಆದರೆ ಪ್ರತಿ ದಿನವೂ ಈ ಆಟ ತನಗೆ ಹೊಸದು ಎಂದೇ ಹೇಳುತ್ತಿದ್ದರು. ಕೈ ಕಲಿತದ್ದು ಮನುಷ್ಯನಿಗೆ ಗೊತ್ತಿರಲಿಲ್ಲ. 2008ರಲ್ಲಿ ಅವರು ತೀರಿಕೊಳ್ಳುವವರೆಗೂ ಜಗತ್ತಿಗೆ ಅವರು ಎಚ್.ಎಂ. ಎಂಬ ಎರಡಕ್ಷರವಷ್ಟೇ ಆಗಿದ್ದರು.

ನಮ್ಮ ಅಜ್ಜಿಯ ಬೆರಳುಗಳಿಗೂ ಇದೇ ಲೆಕ್ಕ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿನ ಮೇಲೆ ನಾರು ಸುತ್ತಿ ಹೆಬ್ಬೆರಳಿನಿಂದ ಎಳೆದು ಬಿಗಿ. ಹೇಗೆ ಕಟ್ಟುತ್ತೀರಿ ಎಂದು ಕೇಳಿದರೆ ವಿವರಿಸಲು ತಡವರಿಸುತ್ತಾರೆ, ಕೈ ನಿಲ್ಲುವುದಿಲ್ಲ. ಈ ಚಳಕ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಬದಿಯ ಕಿರುಮಿದುಳಿನ ಸುಪರ್ದಿಯಲ್ಲಿದೆ. ಹಿಪ್ಪೊಕ್ಯಾಂಪಸ್ ಹೋದರೂ ಅದು ಬದುಕುತ್ತದೆ.

ಹಾಗಾದರೆ ಹಿಪ್ಪೊಕ್ಯಾಂಪಸ್ ಮಾಡುವುದೇನು? ಹೂಮಂಡಿಯ ಕಮಿಷನ್ ಅಂಗಡಿಯವರನ್ನು ನೋಡಿ. ಅವರ ಅಂಗಡಿಯಲ್ಲಿ ಹೂವು ಉಳಿಯುವುದಿಲ್ಲ. ಇಂಥ ರೈತನ ಮಲ್ಲಿಗೆ ಇಷ್ಟು ಕಿಲೋ ಮದುರೈಗೆ, ಇಂಥವನ ಕನಕಾಂಬರ ಇಷ್ಟು ದಿಂಡಿಗಲ್ಲಿಗೆ ಹೋಯಿತು ಎಂಬ ಪುಸ್ತಕ ಅವರಲ್ಲಿರುತ್ತದೆ. ಪುಸ್ತಕ ತೆರೆದರೆ ಚದುರಿದ ಮಾಲು, ಜನ, ಹಣ ಎಲ್ಲದರ ಜಾಡು ಸಿಗುತ್ತದೆ. ಹಿಪ್ಪೊಕ್ಯಾಂಪಸ್ ಇಂಥ ಜಾಡಿನ ಪುಸ್ತಕ ಇಟ್ಟುಕೊಳ್ಳುತ್ತದೆ ಎಂಬ ವಾದವನ್ನು ಟೈಲರ್ ಮತ್ತು ಡಿಸೆನ್ನ 1986ರಲ್ಲಿ ಮುಂದಿಟ್ಟರು. ಚಪ್ಪರದ ನೋಟ ತಲೆಯ ಹಿಂಬದಿಯ ದೃಷ್ಟಿ ತೊಗಟೆಯಲ್ಲಿ, ಸೋದರಮಾವನ ದನಿ ಕಿವಿಯ ಪಕ್ಕದ ಶ್ರವಣ ತೊಗಟೆಯಲ್ಲಿ, ಮಲ್ಲಿಗೆ ಪಿರಿಫಾರ್ಮ್‌ನಲ್ಲಿ. ಅವೆಲ್ಲ ಒಂದೇ ಹೊತ್ತಿನಲ್ಲಿ ಚುರುಕಾಗಿದ್ದವು ಎಂಬ ಗುರುತು ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಒಂದು ಚಿಕ್ಕ ಗುಂಪಿನಲ್ಲಿ.

ಗುರುತು ಬೀಳುವ ಬಗೆ 1973ರಲ್ಲಿ ಗೊತ್ತಾಯಿತು. ಓಸ್ಲೋದಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಜೆ ಲೋಮೊ ಮೊಲದ ಹಿಪ್ಪೊಕ್ಯಾಂಪಸ್‌ಗೆ ಸೇರುವ ನರತಂತುವಿಗೆ ವಿದ್ಯುತ್ತಿನ ಬಿರುಸಾದ ಮಿಡಿತಗಳನ್ನು ಕೊಟ್ಟರು. ಆಮೇಲೆ ಅದೇ ದಾರಿಯಲ್ಲಿ ಸಣ್ಣ ಸಂಕೇತ ಕಳಿಸಿದರೂ ಆ ಕಡೆಯ ನರಕೋಶಗಳ ಉತ್ತರ ಮೊದಲಿಗಿಂತ ಜೋರಾಗಿತ್ತು, ಗಂಟೆಗಟ್ಟಲೆ ಹಾಗೇ ಉಳಿಯಿತು. ಒಟ್ಟಿಗೆ ದುಡಿದ ನರಕೋಶಗಳ ನಡುವಿನ ಸಂಧಿ ಗಟ್ಟಿಯಾಗುತ್ತದೆ. ಕಲಿಕೆಯ ಭೌತಿಕ ರೂಪ ಅದು.

ಆದರೆ ಬದುಕಿನಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಒದಗುವುದಿಲ್ಲ. ಬುಟ್ಟಿಗೆ ಕೈಹಾಕಿದ್ದು ಮೊದಲು, ಗದರಿಕೆ ಆಮೇಲೆ. ನಡುವಿನ ಬಿಡುವನ್ನು ದಾಟಿ ಎರಡನ್ನೂ ಕಟ್ಟುವುದು ಹೇಗೆ? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಇಲಿಗೆ ಒಂದು ಸದ್ದು ಕೇಳಿಸಿ, ಚೂರು ಬಿಡುವು ಕೊಟ್ಟು, ಕಣ್ಣಿಗೆ ಗಾಳಿ ಊದುತ್ತಿದ್ದರು. ಕೆಲವು ಸುತ್ತುಗಳಾದ ಮೇಲೆ ಇಲಿ ಸದ್ದು ಕೇಳಿದೊಡನೆ ಕಣ್ಣು ಮುಚ್ಚಲು ಕಲಿಯಿತು. ಕಲಿಯುತ್ತಿದ್ದಾಗಲೇ ಹಿಪ್ಪೊಕ್ಯಾಂಪಸ್‌ನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೊದಮೊದಲು ಕ್ರಮವಿಲ್ಲದೆ ಮಿಡಿಯುತ್ತಿದ್ದವು ಆಮೇಲೆ ಒಂದಾದ ಮೇಲೊಂದು ಸರದಿಯಲ್ಲಿ ಮಿಡಿಯತೊಡಗಿದವು. ಸದ್ದಿಗೂ ಗಾಳಿಗೂ ನಡುವಿನ ಖಾಲಿ ಹೊತ್ತನ್ನು ಆ ಸರದಿ ತುಂಬಿತ್ತು. ನೆನಪಿನಲ್ಲಿ 'ಆಮೇಲೆ' ಎಂಬುದಕ್ಕೆ ಜಾಗ ಒದಗುವುದು ಇಂಥ ಸರದಿಗಳಿಂದ ಎಂದು ನನ್ನ ಎಣಿಕೆ.

ಹೆದರಿಕೆಯ ಪಾಲು ಅಮಿಗ್ಡಲಾದ್ದು. 1995ರಲ್ಲಿ ಅಮೆರಿಕದ ಅಯೋವಾದಲ್ಲಿ ಬೆಕಾರಾ, ಡಮಾಸಿಯೊ ಮತ್ತು ಸಂಗಡಿಗರು ಬಣ್ಣದ ಚಿತ್ರಗಳನ್ನು ತೋರಿಸುತ್ತ, ಒಂದು ಬಣ್ಣ ಬಂದಾಗ ಮಾತ್ರ ಕಿವಿಗಡಚಿಕ್ಕುವ ಹಡಗಿನ ಹಾರನ್ ಮೊಳಗಿಸಿದರು. ಅಮಿಗ್ಡಲಾ ಕೆಟ್ಟ ರೋಗಿಗೆ ಯಾವ ಬಣ್ಣಕ್ಕೆ ಹಾರನ್ ಎಂಬುದು ಸರಿಯಾಗಿ ಗೊತ್ತಿತ್ತು, ಆದರೆ ಆ ಬಣ್ಣ ಕಂಡಾಗ ಅಂಗೈ ಬೆವರಲಿಲ್ಲ. ಹಿಪ್ಪೊಕ್ಯಾಂಪಸ್ ಕೆಟ್ಟ ರೋಗಿಗೆ ಅಂಗೈ ಬೆವರಿತು, ಯಾವ ಬಣ್ಣ ಎಂದು ಹೇಳಲಾಗಲಿಲ್ಲ. ಎರಡೂ ಕೆಟ್ಟವರಿಗೆ ಎರಡೂ ಇಲ್ಲ. ತಿಳಿವಳಿಕೆ ಮತ್ತು ನಡುಕ ಬೇರೆ ಬೇರೆ ಕಡೆ ಕೂಡಿಡಲ್ಪಡುತ್ತವೆ ಎನ್ನುವುದಕ್ಕೆ ಇಷ್ಟು ಚೊಕ್ಕಟವಾದ ಸಾಕ್ಷ್ಯ ಅಪರೂಪ.

ಈ ಎರಡು ಭಾಗಗಳ ನಡುವಿನ ಸಂಬಂಧ ಸದಾ ಸೌಹಾರ್ದದ್ದಲ್ಲ. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಸೇರಿದಂತೆ ಬೆಂಗಳೂರಿನ ತಂಡವೊಂದು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕೂಡಿಹಾಕಲಾಯಿತು. ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು. ಅದೇ ಇಲಿಗಳ ಅಮಿಗ್ಡಲಾದಲ್ಲಿ ಕವಲುಗಳು ಹಿಗ್ಗಿದವು. ಮುಂದಿನ ಅಧ್ಯಯನದಲ್ಲಿ 21 ದಿನ ಆರಾಮ ಕೊಟ್ಟರೂ ಅಮಿಗ್ಡಲಾದ ಹಿಗ್ಗು ಇಳಿಯಲಿಲ್ಲ. ಸಾಲದಲ್ಲಿ ಸಿಕ್ಕವರಿಗೆ, ಮನೆಯಲ್ಲಿ ಹಿಂಸೆ ಕಂಡವರಿಗೆ ವಿವರ ಮಸುಕಾಗಿ ದಿಗಿಲು ಮಾತ್ರ ಉಳಿಯುವುದು ಏಕೆ ಎಂಬುದಕ್ಕೆ ಇದು ಪೂರ್ತಿ ಉತ್ತರವಲ್ಲ. ಇಲಿಯ ಮಿದುಳು ಇಲಿಯದ್ದೇ. ಆದರೂ ಜಗತ್ತಿನ ಪಠ್ಯಪುಸ್ತಕಗಳು ಈಗ ಇದನ್ನು ಉಲ್ಲೇಖಿಸುತ್ತವೆ, ಕೆಲಸ ನಡೆದದ್ದು ನಮ್ಮ ಹೆಬ್ಬಾಳದ ಆಸುಪಾಸಿನಲ್ಲಿ ಎಂದು ನಮಗೇ ಗೊತ್ತಿಲ್ಲ.

ಬಿದ್ದ ಗುರುತು ಗಟ್ಟಿಯಾಗುವುದು ಬಹುಮಟ್ಟಿಗೆ ನಿದ್ದೆಯಲ್ಲಿ. ಹಗಲು ಓಡಾಡಿದ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಅದು ಮಲಗಿದಾಗ ಮತ್ತೆ ಒಟ್ಟಿಗೆ ಮಿಡಿಯುವುದನ್ನು ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ದಾಖಲಿಸಿದರು. ಹೂವಿನ ಸೀಮೆಗೆ ಹೇಳಿಮಾಡಿಸಿದಂಥ ಪ್ರಯೋಗ ಮಾತ್ರ 2007ರದು. ಜರ್ಮನಿಯ ಲ್ಯೂಬೆಕ್‌ನಲ್ಲಿ ಬ್ಯೋರ್ನ್ ರಾಶ್, ಯಾನ್ ಬೋರ್ನ್ ಮತ್ತಿತರರು ಸ್ವಯಂಸೇವಕರಿಗೆ ಜೋಡಿ ಕಾರ್ಡುಗಳು ಎಲ್ಲೆಲ್ಲಿವೆ ಎಂದು ಕಲಿಸುವಾಗ ಗುಲಾಬಿಯ ವಾಸನೆ ಬಿಟ್ಟರು. ರಾತ್ರಿ ಅವರು ಗಾಢ ನಿದ್ದೆಗೆ ಜಾರಿದಾಗ ಅದೇ ವಾಸನೆಯನ್ನು ಎಚ್ಚರವಾಗದಂತೆ ಮತ್ತೆ ಮೂಗಿಗೆ ಬಿಟ್ಟರು. ಬೆಳಗ್ಗೆ ಇವರು ಕಲಿತದ್ದರಲ್ಲಿ ಸುಮಾರು ಶೇಕಡಾ 97ರಷ್ಟನ್ನು ಸರಿಯಾಗಿ ಹೇಳಿದರು. ನಿದ್ದೆಯಲ್ಲಿ ಗುಲಾಬಿ ಸಿಗದ ರಾತ್ರಿಯ ನಂತರ ಸುಮಾರು 86. ಸ್ಕ್ಯಾನರ್‌ನಲ್ಲಿ ನೋಡಿದಾಗ ನಿದ್ದೆಯಲ್ಲಿ ಬಂದ ಗುಲಾಬಿ ಹಿಪ್ಪೊಕ್ಯಾಂಪಸ್ಸನ್ನು ಚುರುಕಾಗಿಸಿತ್ತು. ಕಲಿಯುವಾಗ ವಾಸನೆ ಇರದೆ ನಿದ್ದೆಯಲ್ಲಷ್ಟೇ ಕೊಟ್ಟರೆ ಲಾಭವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ದಿಂಬಿನಡಿ ಹೂವಿಟ್ಟರೆ ಅಂಕ ಬರುತ್ತದೆ ಎಂದು ಯಾರಾದರೂ ಅಗರಬತ್ತಿ ಮಾರಲು ಬಂದರೆ ಕೊಳ್ಳಬೇಡಿ.

ರಾತ್ರಿ ರಾತ್ರಿ ನಡೆಯುವ ಈ ಮರುಮಿಡಿತದಿಂದ ತೊಗಟೆಯ ಭಾಗಗಳ ನಡುವೆಯೇ ನೇರ ಸಂಬಂಧ ಬೆಳೆಯುತ್ತದೆ. ಹಣೆಯ ಹಿಂದಿನ ಪ್ರೀಫ್ರಂಟಲ್ ತೊಗಟೆ ಕ್ರಮೇಣ ಹೆಚ್ಚಿನ ಹೊಣೆ ಹೊರುತ್ತದೆ. ಮೊಲೈಸನ್‌ಗೆ ಬಾಲ್ಯ ಉಳಿದು ನಿನ್ನೆ ಉಳಿಯದಿದ್ದುದು ಇದಕ್ಕೇ ಎಂದು ಹಲವರ ವಾದ. ಹಳೆಯದಾದರೂ ಬಣ್ಣ, ಸದ್ದು, ವಿವರಗಳ ಸಮೇತ ನೆನಪು ಬರಬೇಕಾದರೆ ಹಿಪ್ಪೊಕ್ಯಾಂಪಸ್ ಬೇಕೇ ಬೇಕು ಎನ್ನುವವರೂ ಇದ್ದಾರೆ. ಈ ಜಗಳ ಇತ್ಯರ್ಥವಾಗಿಲ್ಲ. ನನಗೆ ಎರಡನೆಯ ಪಕ್ಷವೇ ಹೆಚ್ಚು ಸರಿ ಕಾಣುತ್ತದೆ. ಮೊಲೈಸನ್ ಬಾಲ್ಯದ ಬಗ್ಗೆ ಹೇಳುತ್ತಿದ್ದದ್ದು ಬಹುಪಾಲು ಸಾರಾಂಶವೇ ಹೊರತು ಕಣ್ಣಿಗೆ ಕಟ್ಟುವ ಘಟನೆಗಳಲ್ಲ ಎಂದು ಅವರನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಸೂಸನ್ ಕಾರ್ಕಿನ್ ಬರೆದಿದ್ದಾರೆ.

ಈಗ ಜಗಲಿಗೆ ಮರಳಿ, ಅಜ್ಜಿಗೆ ನೆನಪು ಬಂದ ಆ ಗಳಿಗೆಯನ್ನು ನಿಧಾನವಾಗಿ ನೋಡೋಣ. ಮಲ್ಲಿಗೆ ಎಂಬ ಒಂದೇ ಎಳೆ ಒಳಹೋಗಿದೆ. ಹಿಪ್ಪೊಕ್ಯಾಂಪಸ್‌ನಲ್ಲಿ ಸಿಎ3 ಎಂಬ ವಲಯವಿದೆ. ಅಲ್ಲಿನ ಕೋಶಗಳು ಒಂದಕ್ಕೊಂದು ದಟ್ಟವಾಗಿ ಹೆಣೆದುಕೊಂಡಿವೆ. ಹಳೆಯ ಗುಂಪಿನ ಕೆಲವೇ ಸದಸ್ಯರು ಎಚ್ಚೆತ್ತರೂ ಉಳಿದವರನ್ನು ಎಬ್ಬಿಸಬಲ್ಲ ಹೆಣಿಗೆ ಅದು. ಪಕ್ಕದ ಡೆಂಟೇಟ್ ಗೈರಸ್ ಇದಕ್ಕೆ ತದ್ವಿರುದ್ಧ: ಹತ್ತು ಮದುವೆಗಳ ಹತ್ತು ಮಲ್ಲಿಗೆ ಸಂಜೆಗಳು ಕಲಸುಮೇಲೋಗರವಾಗದಂತೆ ಬೇರೆ ಬೇರೆ ಗುರುತು ಕೊಟ್ಟದ್ದು ಅದೇ. ಗುಂಪು ಎದ್ದೊಡನೆ ಸಂಕೇತ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತದೆ, ತೊಗಟೆಯ ಆಯಾ ಭಾಗಗಳು ಮತ್ತೆ ಚುರುಕಾಗುತ್ತವೆ.

ಇದು ಬರಿಯ ಊಹೆಯಲ್ಲ. ಲಾಸ್ ಏಂಜಲೀಸ್‌ನಲ್ಲಿ ಮೂರ್ಛೆ ಚಿಕಿತ್ಸೆಗಾಗಿ ಮಿದುಳಿನಲ್ಲಿ ತಂತಿ ಇಡಿಸಿಕೊಂಡಿದ್ದ ರೋಗಿಗಳಿಗೆ ಚಿಕ್ಕ ಚಿಕ್ಕ ವಿಡಿಯೊ ತುಣುಕುಗಳನ್ನು ತೋರಿಸಿ, ಆಮೇಲೆ ನೆನಪಾದದ್ದನ್ನು ಹೇಳಲು ಕೇಳಿದ ಅಧ್ಯಯನ 2008ರಲ್ಲಿ ಬಂತು. ಒಂದು ತುಣುಕು ನೋಡುವಾಗ ಮಿಡಿದಿದ್ದ ಅದೇ ನರಕೋಶ, ರೋಗಿ ಆ ತುಣುಕಿನ ಹೆಸರು ಹೇಳುವ ಒಂದೆರಡು ಸೆಕೆಂಡು ಮುಂಚೆ ಮತ್ತೆ ಮಿಡಿಯಿತು. 2004ರ ಇನ್ನೊಂದು ಪ್ರಯೋಗ ಲಂಡನ್ನಿನದು. ಜೇ ಗಾಟ್‌ಫ್ರೀಡ್ ಮತ್ತು ಸಂಗಡಿಗರು ವಸ್ತುಗಳ ಚಿತ್ರವನ್ನು ವಾಸನೆಯ ಜೊತೆಗೆ ತೋರಿಸಿ, ನಂತರ ಚಿತ್ರವನ್ನಷ್ಟೇ ತೋರಿಸಿದರು. ವಾಸನೆಯ ಸುಳಿವಿಲ್ಲದಿದ್ದರೂ ಪಿರಿಫಾರ್ಮ್ ತೊಗಟೆ ಎದ್ದು ಕೂತಿತು. ಮೂಗಿನ ಕೆಲಸಕ್ಕೆಂದೇ ಇದ್ದ ಜಾಗ, ಮೂಗಿಗೆ ಏನೂ ಬಾರದಿದ್ದರೂ, ನೆನಪಿನ ಕರೆಗೆ ಓಗೊಟ್ಟಿತ್ತು.

ಎಲ್ಲ ತುಣುಕೂ ಬಂದವೇ, ಬಂದದ್ದು ಈ ಮದುವೆಯದ್ದೋ ಆ ಮದುವೆಯದ್ದೋ ಎಂದು ಪರಿಶೀಲಿಸುವುದು ಪ್ರೀಫ್ರಂಟಲ್ ತೊಗಟೆ. ಮಂಡಿಯಲ್ಲಿ ಕೂಗಿದ ಬೆಲೆಯನ್ನು ಹಣ ಎಣಿಸುವವರೆಗೆ ತಲೆಯಲ್ಲಿ ಹಿಡಿದುಕೊಳ್ಳುವುದೂ ಅದರ ಕೆಲಸವೇ. ಆ ಬೆಲೆ ಸಂಜೆಗೆ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ.

ಒಂದು ಎಳೆ ವಾಸನೆಯೇ ಆಗಬೇಕೆಂದಿಲ್ಲ, ಭಾಷೆಯೂ ಆಗಬಹುದು. ರಷ್ಯಾದಿಂದ ಅಮೆರಿಕಕ್ಕೆ ಬಂದು ಎರಡು ಭಾಷೆಗಳಲ್ಲಿ ಬದುಕುತ್ತಿದ್ದವರನ್ನು ವಿಯೊರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ ಸಂದರ್ಶಿಸಿದರು. ವರದಿ 2000ದಲ್ಲಿ ಬಂತು. ರಷ್ಯನ್‌ನಲ್ಲಿ ಕೇಳಿದರೆ ರಷ್ಯನ್ ಮಾತಾಡಿದ ಸಂದರ್ಭದ ನೆನಪುಗಳು ಹೆಚ್ಚು ಬಂದವು, ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನವು. ಕಣಿವೆಯ ಕನ್ನಡ ಮನೆಗಳಲ್ಲಿ ಇಂಥ ಅಧ್ಯಯನ ನಡೆಸಿದರೆ ಚೆನ್ನ. ಮಂಡಿಯ ವ್ಯವಹಾರ, ಶಾಲೆಯ ಗುಣಾಕಾರ, ಬಸ್ಸಿನ ಜಗಳ ತಮಿಳಿನ ಕರೆಗೆ. ಸೋದರಮಾವನ ಗದರಿಕೆ ಕನ್ನಡದ ಕರೆಗೆ ಬೇಗ ಏಳಬೇಕು. ಮೊಮ್ಮಕ್ಕಳು 'ಪಾಟಿ' ಎಂದು ಕರೆದು ತಮಿಳಿನಲ್ಲಿ ಬಾಲ್ಯದ ಕಥೆ ಕೇಳಿದಾಗ ಅಜ್ಜಿ ಚುಟುಕಾಗಿ ಮುಗಿಸಿದರೆ ಅದು ಮರೆವೇ ಆಗಿರಬೇಕಿಲ್ಲ.

ಕರೆದು ತಂದ ನೆನಪು ಇದ್ದ ಹಾಗೇ ಮರಳಿ ಹೋಗುವುದಿಲ್ಲ. 2000ದಲ್ಲಿ ನ್ಯೂಯಾರ್ಕಿನಲ್ಲಿ ಕರೀಂ ನಾದರ್ ಮತ್ತು ಜೋಸೆಫ್ ಲೆಡೂ ತಂಡ ಇಲಿಗಳಿಗೆ ಸದ್ದಿನ ಭಯ ಕಲಿಸಿತು. ಆ ಭಯ ಗಟ್ಟಿಯಾದ ಮೇಲೆ ಸದ್ದು ಕೇಳಿಸಿ ನೆನಪು ಎಬ್ಬಿಸಿ, ಆಗ ಅಮಿಗ್ಡಲಾದಲ್ಲಿ ಪ್ರೋಟೀನ್ ತಯಾರಿಕೆ ತಡೆಯುವ ಔಷಧ ಹಾಕಿದರು. ಆಮೇಲೆ ಇಲಿಗಳ ಭಯ ತಗ್ಗಿಹೋಯಿತು. ನೆನಪು ಎಬ್ಬಿಸದೆ ಔಷಧ ಹಾಕಿದ ಇಲಿಗಳಲ್ಲಿ ಭಯ ಹಾಗೇ ಇತ್ತು. ಎಂದರೆ ನೆನಪಿಸಿಕೊಂಡಾಗಲೆಲ್ಲ ಆ ನೆನಪು ಸ್ವಲ್ಪ ಹೊತ್ತು ಸಡಿಲವಾಗಿ ಮತ್ತೆ ಬಿಗಿಯಾಗಬೇಕಾಗುತ್ತದೆ. ಅಷ್ಟರಲ್ಲಿ ಹೊಸದೇನಾದರೂ ಸೇರಬಹುದು. ಅಜ್ಜಿಯ ಸಂಜೆಗೆ ಸೇವಂತಿಗೆಯ ತೋರಣ ಇನ್ಯಾವುದೋ ಮದುವೆಯಿಂದ ಬಂದು ಸೇರಿದ್ದರೆ ಅವರಿಗೂ ಗೊತ್ತಾಗುವುದಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ಬಗೆಯ ನೆನಪೂ ಇದೆ. ಉತ್ತರದಿಂದ ಕನ್ನಡವನ್ನೋ ತೆಲುಗನ್ನೋ ಹೊತ್ತು ಬಂದ ಸಮುದಾಯಗಳಲ್ಲಿ ಒಂದು ವಲಸೆಯ ಕಥೆ ಓಡಾಡುತ್ತದೆ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ 1909ರ ತಮ್ಮ ಸಂಪುಟಗಳಲ್ಲಿ ಅಂಥದ್ದನ್ನು ದಾಖಲಿಸಿದ್ದಾರೆ. ಶತ್ರುಗಳು ಬೆನ್ನಟ್ಟಿದಾಗ ಹೊಳೆ ಅಡ್ಡ ಬಂತು, ದಡದ ಹೊಂಗೆ ಮರ ಬಾಗಿ ಸೇತುವೆಯಾಗಿ ದಾಟಿಸಿತು ಎಂದು ಕಥೆ. ಇದನ್ನು ಹೇಳುವವರು ಯಾರೂ ಹೊಳೆ ದಾಟಿದವರಲ್ಲ. ಎಂಡೆಲ್ ಟಲ್ವಿಂಗ್ 1972ರಲ್ಲಿ ಇಂಥ ಅರಿವನ್ನು ಸ್ವಂತ ಅನುಭವದ ನೆನಪಿನಿಂದ ಬೇರ್ಪಡಿಸಿದರು. ಅನುಭವದ ನೆನಪಿಗೆ ಹಿಪ್ಪೊಕ್ಯಾಂಪಸ್ ಬೇಕು. ಅರಿವು ಹೆಚ್ಚಾಗಿ ಸುತ್ತಲಿನ ಮತ್ತು ಕಣತಲೆ ಭಾಗದ ಮುಂತುದಿಯ ತೊಗಟೆಯನ್ನು ನೆಚ್ಚುತ್ತದೆ. 1997ರಲ್ಲಿ ಲಂಡನ್ನಿನ ಫರಾನೆ ವರ್ಗಾ-ಖಾದೆಮ್ ವರದಿ ಮಾಡಿದ ಮೂವರು ಎಳೆಯರ ಹಿಪ್ಪೊಕ್ಯಾಂಪಸ್ ಹುಟ್ಟಿನ ಹೊತ್ತಿಗೋ ಬಾಲ್ಯದಲ್ಲೋ ಕೆಟ್ಟಿತ್ತು. ಬೆಳಗ್ಗೆ ನಡೆದದ್ದು ಅವರಿಗೆ ನೆನಪಿರುತ್ತಿರಲಿಲ್ಲ, ಆದರೂ ಶಾಲೆಯಲ್ಲಿ ಓದು, ಬರಹ, ಸಾಮಾನ್ಯಜ್ಞಾನ ಕಲಿತಿದ್ದರು. ಹೊಂಗೆಯ ಕಥೆಯನ್ನು ಅವರೂ ಕಲಿಯಬಹುದಿತ್ತು, ಯಾರು ಯಾವಾಗ ಹೇಳಿದರೆಂಬುದನ್ನು ಬಿಟ್ಟು.

ನೆನಪು ಇಷ್ಟು ಕಡೆ ಹಂಚಿಕೊಂಡಿರುವುದರಿಂದ ಅದು ಹೋಗುವಾಗಲೂ ಕಂತುಕಂತಾಗಿ ಹೋಗುತ್ತದೆ. ಆಲ್ಜೈಮರ್ ಕಾಯಿಲೆಯಲ್ಲಿ ನರಕೋಶಗಳೊಳಗೆ ಟೌ ಪ್ರೋಟೀನಿನ ಸಿಕ್ಕು ತೊಗಟೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಎಂಟೋರೈನಲ್ ಭಾಗದ ಅಂಚಿನಲ್ಲಿ ಎಂದು ಬ್ರಾಕ್ ದಂಪತಿ 1991ರಲ್ಲಿ ತೋರಿಸಿದರು. ಹೆಬ್ಬಾಗಿಲೇ ಮೊದಲು ಕುಸಿಯುತ್ತದೆ. ವಾಸನೆ ಗುರುತಿಸುವ ಶಕ್ತಿ ಮುಂಚೆಯೇ ಕುಂದುವುದು, ಈ ಬೆಳಗಿನ ಹೂವಿನ ಬೆಲೆ ಮರೆತು ಐವತ್ತು ವರ್ಷದ ಹಿಂದಿನ ಬೆಲೆ ನಾಲಿಗೆ ತುದಿಯಲ್ಲಿರುವುದು, ಹೆಸರು ಮರೆತವರ ಕೈ ಹೂ ಕಟ್ಟುವುದನ್ನು ಮರೆಯದಿರುವುದು ಇವೆಲ್ಲ ಕಾಯಿಲೆ ಯಾವ ಕ್ರಮದಲ್ಲಿ ಹಬ್ಬುತ್ತಿದೆ ಎಂಬುದರ ಗುರುತುಗಳು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಮನೆಯವರು ವರ್ಷಗಟ್ಟಲೆ ತಳ್ಳಿಹಾಕುವುದು ನಮ್ಮಲ್ಲಿ ಸಾಮಾನ್ಯ, ಅದು ತಪ್ಪು.

ಎರಡು ಭಾಷೆಯ ಮನೆಗಳಿಗೆ ಇಲ್ಲಿ ಒಂದು ಸಣ್ಣ ಸಮಾಧಾನವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದಾಗ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ 648 ಮಂದಿ ರೋಗಿಗಳನ್ನು ಅಭ್ಯಾಸ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆ ಕಲಿತದ್ದರ ಫಲ ಇರಬಹುದೇ ಎಂದು ಓದುಬರಹ ಬಾರದವರನ್ನೇ ಬೇರೆಯಾಗಿ ನೋಡಿದರು. ಅಲ್ಲಿ ಅಂತರ ಆರು ವರ್ಷ. ದಿನವಿಡೀ ಒಂದು ಭಾಷೆಯನ್ನು ಹಿಡಿದು ಇನ್ನೊಂದನ್ನು ಬಿಡುವ ಕೆಲಸ ಪ್ರೀಫ್ರಂಟಲ್ ಜಾಲಕ್ಕೆ ವ್ಯಾಯಾಮವಾಗಿ, ಹೆಬ್ಬಾಗಿಲು ಕುಸಿದರೂ ಅದು ಕೆಲಕಾಲ ತೂಗಿಸಿಕೊಂಡು ಹೋಗುತ್ತದೆ ಎಂಬುದು ಒಂದು ವಿವರಣೆ. ಆದರೆ ಆರೋಗ್ಯವಂತರನ್ನು ಆರಿಸಿಕೊಂಡು ಮುಂದೆ ಹಲವು ವರ್ಷ ಗಮನಿಸಿದ ಬೇರೆ ದೇಶಗಳ ಎಷ್ಟೋ ಅಧ್ಯಯನಗಳಲ್ಲಿ ಈ ಲಾಭ ಕಾಣಲಿಲ್ಲ. ವಲಸೆ, ಸಿರಿತನ, ವಿದ್ಯೆಗಳನ್ನು ಭಾಷೆಯಿಂದ ಬಿಡಿಸಿ ನೋಡುವುದೇ ಅಲ್ಲಿನ ತೊಡಕು. ಅಕ್ಷರ ಬಾರದೆಯೂ ಎರಡು ಭಾಷೆ ಸಲೀಸಾಗಿ ಆಡುವ ಹಿರಿಯರು ತೇನಿ, ದಿಂಡಿಗಲ್ಲಿನಂಥ ಕಡೆ ಊರೂರಿನಲ್ಲಿದ್ದಾರೆ. ಕನ್ನಡದಲ್ಲೂ ತಮಿಳಿನಲ್ಲೂ ಅವರನ್ನು ಪರೀಕ್ಷಿಸಬಲ್ಲ ಪ್ರಶ್ನಾವಳಿ ಹಿಡಿದು ಯಾರಾದರೂ ಅವರ ಜಗಲಿಯವರೆಗೆ ಹೋಗಬೇಕಾಗಿದೆ.